ತಿಮ್ಮಯ್ಯನವರ ರಸ್ತೆಯಿಂದ ಹಸಿರು ಗೆರೆಯವರೆಗೆ

ಸೈಪ್ರಸ್ ದ್ವೀಪದ ಲಾರ್ನಕಾ ಪಟ್ಟಣದಲ್ಲಿ ಒಂದು ದೊಡ್ಡ ರಸ್ತೆಯ ಹೆಸರು ‘ಸ್ಟ್ರಾಟಿಗು ತಿಮಾಯಿಯಾ’. ಗ್ರೀಕರ ನಾಲಿಗೆಯಲ್ಲಿ ಹೀಗೆ ಬದಲಾಗಿರುವ ಆ ಹೆಸರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರದು. ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಅವರು, 1964ರ ಜುಲೈನಲ್ಲಿ ಇಲ್ಲಿಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಬಂದರು. 1965ರ ಡಿಸೆಂಬರ್ 18ರಂದು ಅಧಿಕಾರದಲ್ಲಿದ್ದಾಗಲೇ ಈ ದ್ವೀಪದಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿಸೈಡ್’ ಮನೆ ಬಹುಕಾಲ ಸಾರಿಗೆ ಕಚೇರಿಯಾಗಿದ್ದು, ವಸ್ತುಸಂಗ್ರಹಾಲಯವಾದದ್ದು 2021ರಲ್ಲಿ. ಅಂಚೆಚೀಟಿಗೂ ಸಂಗ್ರಹಾಲಯಕ್ಕೂ ನಡುವಿನ ಆ ಐವತ್ತೈದು ವರ್ಷಗಳ ಲೆಕ್ಕವನ್ನು ರಸ್ತೆಯ ಫಲಕದ ಕೆಳಗೆ ನಿಂತು ಹಾಕಿದಾಗ ಸ್ವಲ್ಪ ಮುಜುಗರವಾಯಿತು.

ಲಾರ್ನಕಾದಿಂದ ರಾಜಧಾನಿ ನಿಕೋಸಿಯಾಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊರು ಹತ್ತಿರವಾಗುತ್ತಿದ್ದಂತೆ ಉತ್ತರದ ಬೆಟ್ಟಸಾಲಿನ ಇಳಿಜಾರಿನಲ್ಲಿ ಬಿಡಿಸಿರುವ ಬೃಹದಾಕಾರದ ಬಾವುಟವೊಂದು ಕಣ್ಣಿಗೆ ಬೀಳುತ್ತದೆ. ಅದು 1983ರಲ್ಲಿ ತನ್ನನ್ನು ತಾನೇ ಘೋಷಿಸಿಕೊಂಡ, ಟರ್ಕಿಯೊಂದೇ ಮಾನ್ಯ ಮಾಡಿರುವ ಉತ್ತರ ಸೈಪ್ರಸ್ಸಿನ ಬಾವುಟ. ದಕ್ಷಿಣದವರು ದಿನವೂ ನೋಡಲೇಬೇಕೆಂಬ ಉದ್ದೇಶದಿಂದಲೇ ಅದನ್ನು ಅಲ್ಲಿ ಬಿಡಿಸಿದಂತಿದೆ.

ವೆನಿಸ್ಸಿನವರು ಕಟ್ಟಿಸಿದ, ಹನ್ನೊಂದು ಕೊತ್ತಲಗಳ ದುಂಡನೆಯ ಕೋಟೆಯೊಳಗಿದೆ ಹಳೆಯ ನಿಕೋಸಿಯಾ. ಆ ದುಂಡನ್ನು ಪೂರ್ವ ಪಶ್ಚಿಮವಾಗಿ ಸೀಳಿಕೊಂಡು ಹಸಿರು ಗೆರೆ ಹಾದುಹೋಗುತ್ತದೆ. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದಾಗ ಇಲ್ಲಿಯ ಜನರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಗ್ರೀಕ್ ಭಾಷಿಕರು, ಹದಿನೆಂಟು ಮಂದಿ ಟರ್ಕಿ ಭಾಷಿಕರು. ಅಧ್ಯಕ್ಷ ಗ್ರೀಕನಾಗಿರಬೇಕು, ನಿಷೇಧಾಧಿಕಾರವುಳ್ಳ ಉಪಾಧ್ಯಕ್ಷ ಟರ್ಕನಾಗಿರಬೇಕು, ಸಂಸತ್ತಿನ ಸ್ಥಾನಗಳನ್ನು 70:30ರಂತೆ ಹಂಚಬೇಕು ಎಂದು ಸಂವಿಧಾನ ವಿಧಿಸಿತ್ತು. ಮೂರು ವರ್ಷ ಕುಂಟುತ್ತ ನಡೆದ ಈ ವ್ಯವಸ್ಥೆಗೆ ಅಧ್ಯಕ್ಷ ಮಕಾರಿಯೋಸ್ 1963ರ ನವೆಂಬರಿನಲ್ಲಿ, ಆ ನಿಷೇಧಾಧಿಕಾರವನ್ನು ತೆಗೆದುಹಾಕುವುದೂ ಸೇರಿದಂತೆ, ಹದಿಮೂರು ತಿದ್ದುಪಡಿಗಳನ್ನು ಸೂಚಿಸಿದರು. ಡಿಸೆಂಬರಿನಲ್ಲಿ ಬೀದಿಗಳಲ್ಲಿ ರಕ್ತ ಹರಿಯಿತು. ವರ್ಷದ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಕದನವಿರಾಮದ ಗೆರೆಯನ್ನು ಎಳೆದರು. ಅವರ ಕೈಯಲ್ಲಿದ್ದದ್ದು ಹಸಿರು ಪೆನ್ಸಿಲ್. ಹೆಸರು ಅದರಿಂದಲೇ ಬಂತು.

ಭದ್ರತಾ ಮಂಡಳಿಯ 1964ರ ಮಾರ್ಚ್ 4ರ 186ನೆಯ ನಿರ್ಣಯದಂತೆ ಶಾಂತಿಪಾಲನಾ ಪಡೆ ಇಲ್ಲಿಗೆ ಬಂದದ್ದು ಮೂರು ತಿಂಗಳ ಅವಧಿಗೆ. ತಿಮ್ಮಯ್ಯನವರು ಬಂದ ಮರುತಿಂಗಳೇ ವಾಯವ್ಯ ಕರಾವಳಿಯ ಕೊಕ್ಕಿನಾ ಸುತ್ತಮುತ್ತ ಕಾಳಗವಾಗಿ ಟರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಆಗ ಪಡೆಯಲ್ಲಿ 6,000ಕ್ಕೂ ಹೆಚ್ಚು ಸೈನಿಕರಿದ್ದರು. ಇಂದು 1,000ಕ್ಕೂ ಕಡಿಮೆ ಇದ್ದಾರೆ. ಭಾರತ ತುಕಡಿಗಳನ್ನು ಕಳಿಸದೆ ದಂಡನಾಯಕರನ್ನು ಮಾತ್ರ ಕೊಟ್ಟಿತು: ತಿಮ್ಮಯ್ಯನವರಿಗಿಂತ ಮೊದಲು ಗ್ಯಾನಿ, ಬಳಿಕ 1969ರಿಂದ 1976ರವರೆಗೆ ಪ್ರೇಮ್ ಚಂದ್. 1974ರ ಜುಲೈ 15ರಂದು ಗ್ರೀಸಿನ ಸೈನಿಕ ಸರ್ಕಾರದ ಬೆಂಬಲದಿಂದ ಮಕಾರಿಯೋಸರನ್ನು ಉರುಳಿಸಿದಾಗಲೂ, ಐದು ದಿನಗಳ ನಂತರ ಟರ್ಕಿಯ ಸೇನೆ ದಡಕ್ಕಿಳಿದಾಗಲೂ ಪಡೆ ಪ್ರೇಮ್ ಚಂದರ ಕೈಯಲ್ಲಿತ್ತು. ತಿಂಗಳೊಳಗೆ ದ್ವೀಪದ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ನೆಲ ಟರ್ಕಿಯ ವಶವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ ಓಡಿಬಂದರು, ಸುಮಾರು ನಲವತ್ತೈದು ಸಾವಿರ ಟರ್ಕರು ಕ್ರಮೇಣ ಉತ್ತರಕ್ಕೆ ಹೋದರು. ನಗರದ ನಕ್ಷೆಯ ಮೇಲಿನ ಗೆರೆ ಇಡೀ ದ್ವೀಪದ ಅಡ್ಡಕ್ಕೂ ಬೆಳೆದು 180 ಕಿಲೋಮೀಟರ್ ಉದ್ದದ ನಿರ್ಬಂಧಿತ ವಲಯವಾಯಿತು.

ಲೆಡ್ರಾ ಬೀದಿ ನಿಕೋಸಿಯಾದ ಮುಖ್ಯ ಪೇಟೆಬೀದಿ. ಬಟ್ಟೆ ಅಂಗಡಿಗಳ ನಡುವೆ ನಡೆಯುತ್ತ ಹೋದರೆ ದಾರಿಗೆ ಅಡ್ಡಲಾಗಿ ದಕ್ಷಿಣದ ಪೊಲೀಸರ ಗೂಡು, ಅದರಾಚೆ ಬೀಗ ಜಡಿದ ಮನೆಗಳು, ಗಿಡ ಬೆಳೆದ ಬಾಲ್ಕನಿಗಳು, ಮತ್ತೆ ಉತ್ತರದವರ ಗೂಡು. 2008ರವರೆಗೆ ಇಲ್ಲಿ ದಾರಿ ಮುಚ್ಚಿತ್ತು. ಪಾಸ್‌ಪೋರ್ಟನ್ನು ಎರಡು ಕಡೆ ತೋರಿಸಿ, ಎಲ್ಲಿಯೂ ಮುದ್ರೆ ಒತ್ತಿಸಿಕೊಳ್ಳದೆ, ಕೆಲವೇ ಹೆಜ್ಜೆಗಳಲ್ಲಿ ಆಚೆಗೆ ಬಂದೆ. ಅಕ್ಕಪಕ್ಕದ ಓಣಿಗಳನ್ನು ಇಂದಿಗೂ ತಗಡಿನ ಪೀಪಾಯಿಗಳು ಮತ್ತು ಮರಳಿನ ಚೀಲಗಳು ಮುಚ್ಚಿವೆ, ಛಾಯಾಚಿತ್ರ ತೆಗೆಯುವಂತಿಲ್ಲ. ನಡುವಿನ ಈ ಜಾಗಕ್ಕೆ ಗ್ರೀಕರು ‘ಸತ್ತ ವಲಯ’ ಎನ್ನುತ್ತಾರೆ, ಟರ್ಕರು ‘ನಡುವಣ ವಲಯ’ ಎನ್ನುತ್ತಾರೆ. 1974ರ ಘಟನೆಗೂ ಹೀಗೆಯೇ ಎರಡು ಹೆಸರುಗಳಿವೆ: ದಕ್ಷಿಣದಲ್ಲಿ ‘ಆಕ್ರಮಣ’, ಉತ್ತರದಲ್ಲಿ ‘ಶಾಂತಿ ಕಾರ್ಯಾಚರಣೆ’. ಕುಡಿದದ್ದು ಮಾತ್ರ ಎರಡೂ ಕಡೆ ಒಂದೇ ಕಾಫಿ: ಸಣ್ಣ ಬಟ್ಟಲಿನ ತಳದಲ್ಲಿ ಗಷ್ಟು ನಿಲ್ಲುವಂಥದ್ದು. ಅದನ್ನು ಎಲ್ಲಿ ಯಾವ ಹೆಸರಿನಿಂದ ಕೇಳಬೇಕೆಂಬುದನ್ನು ತಿಳಿದಿರಬೇಕು, ಅಷ್ಟೆ.

ನಾನು ಉಳಿದುಕೊಂಡಿದ್ದ ಮನೆಯ ಒಡತಿ ಉತ್ತರ ಕರಾವಳಿಯ ಕಿರೇನಿಯಾದವರು; ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬಂದವರು. ದಾಟುವ ದಾರಿಗಳು ಮೊದಲ ಬಾರಿ ತೆರೆದ 2003ರಲ್ಲಿ ತಾಯಿಯನ್ನು ಕರೆದುಕೊಂಡು ಹೋಗಿ, ಈಗ ಅಲ್ಲಿ ವಾಸವಾಗಿರುವ ಕುಟುಂಬದವರು ಕೊಟ್ಟ ಕಾಫಿ ಕುಡಿದು ಬಂದರಂತೆ. “ಅವರೂ ದಕ್ಷಿಣದ ಹಳ್ಳಿಯೊಂದರಿಂದ ಎದ್ದು ಬಂದವರೇ. ಜಗಳವಾಡಲು ನಮ್ಮ ಹತ್ತಿರ ಮಾತೇ ಇರಲಿಲ್ಲ,” ಎಂದರು. ಆದರೂ 2004ರ ಜನಮತದಲ್ಲಿ ಅವರು ಏಕೀಕರಣದ ಯೋಜನೆಗೆ ವಿರುದ್ಧವಾಗಿ ಮತ ಹಾಕಿದರು. ಟರ್ಕಿಯ ಸೈನಿಕರು ಉಳಿಯುತ್ತಾರೆಂಬುದು ಅವರ ಆಕ್ಷೇಪವಾಗಿತ್ತು. ಅಂದು ನೂರಕ್ಕೆ ಎಪ್ಪತ್ತಾರು ಗ್ರೀಕರು ಬೇಡವೆಂದರು, ಅರವತ್ತೈದು ಟರ್ಕರು ಬೇಕೆಂದರು. ವಾರದೊಳಗೆ ಸೈಪ್ರಸ್ ವಿಭಜಿತವಾಗಿಯೇ ಯುರೋಪಿನ ಒಕ್ಕೂಟ ಸೇರಿತು.

ಈ ಪಡೆ ಶಾಂತಿಯನ್ನು ಕಾಯಿತೋ ಗೆರೆಯನ್ನು ಕಾಯಿತೋ ಎಂಬ ಪ್ರಶ್ನೆ ನಡೆದಷ್ಟೂ ದೂರ ನನ್ನ ಜೊತೆಗಿತ್ತು. ಕೊಲೆಗಳು ನಿಂತದ್ದು ಸಣ್ಣ ಸಾಧನೆಯಲ್ಲ. 180ಕ್ಕೂ ಹೆಚ್ಚು ಶಾಂತಿಪಾಲಕರು ಇಲ್ಲಿ ಪ್ರಾಣ ಬಿಟ್ಟಿದ್ದಾರೆ. ಆದರೆ ಎರಡೂ ಕಡೆಯ ನಾಯಕರಿಗೆ ಅವಸರವೇ ಇಲ್ಲದಂಥ ಒಂದು ಸ್ಥಿತಿಯನ್ನೂ ಅದೇ ನಿಶ್ಶಬ್ದ ಕಟ್ಟಿಕೊಟ್ಟಿತೆಂದು ನನಗೆ ತೋರಿತು. ಗೆರೆಯನ್ನು ನಿಜವಾಗಿ ದಾಟಿದ್ದು ಚರಂಡಿ. ಮಣ್ಣಿನ ಇಳಿಜಾರು ದಕ್ಷಿಣದಿಂದ ಉತ್ತರಕ್ಕಿದ್ದುದರಿಂದ ಒಬ್ಬರನ್ನು ಬಿಟ್ಟು ಒಬ್ಬರು ಒಳಚರಂಡಿ ಕಟ್ಟುವಂತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಎರಡೂ ಭಾಗಗಳ ಮೇಯರುಗಳಾದ ಲೆಲ್ಲೋಸ್ ದೆಮೆತ್ರಿಯಾದೆಸ್ ಮತ್ತು ಮುಸ್ತಫಾ ಅಕಿಂಜಿ ಒಪ್ಪಂದ ಮಾಡಿಕೊಂಡರು. ಅಂದಿನಿಂದ ನಿಕೋಸಿಯಾದ ಎರಡೂ ಭಾಗಗಳ ಕೊಳಚೆ ನೆಲದಡಿಯಲ್ಲಿ ಒಂದಾಗಿ ಹರಿಯುತ್ತಿದೆ.

ಕೊನೆಯ ದಿನ ಲಾರ್ನಕಾದ ಪಕ್ಕದ ಪಿಲಾ ಹಳ್ಳಿಗೆ ಹೋದೆ. ನಿರ್ಬಂಧಿತ ವಲಯದೊಳಗೇ ಇದ್ದು, ಎರಡೂ ಜನಾಂಗಗಳು ಇಂದಿಗೂ ಕೂಡಿ ಬಾಳುವ ಊರು ಅದೊಂದೇ. ಚೌಕದ ಒಂದು ಬದಿಗೆ ಗ್ರೀಕರ ಕಾಫಿ ಅಂಗಡಿ, ಇನ್ನೊಂದು ಬದಿಗೆ ಟರ್ಕರದು, ಎರಡನ್ನೂ ನೋಡುತ್ತಿರುವ ವಿಶ್ವಸಂಸ್ಥೆಯ ಕಾವಲು ಠಾಣೆ. 2023ರ ಆಗಸ್ಟಿನಲ್ಲಿ ಉತ್ತರದವರು ಇಲ್ಲಿಗೆ ರಸ್ತೆ ಮಾಡಲು ಬಂದಾಗ, ಅಡ್ಡ ನಿಂತ ಶಾಂತಿಪಾಲಕರ ಮೇಲೆ ಹಲ್ಲೆ ನಡೆದು ಅವರ ವಾಹನಗಳನ್ನು ಬುಲ್‌ಡೋಜರಿನಿಂದ ತಳ್ಳಲಾಗಿತ್ತು. ನಾನು ಹೋದ ಮಧ್ಯಾಹ್ನ ಎರಡೂ ಅಂಗಡಿಗಳಲ್ಲಿ ಮುದುಕರು ಪಗಡೆಯಂಥ ಆಟದಲ್ಲಿ ಮುಳುಗಿದ್ದರು. ಮೊದಲು ಎಡಗಡೆಯಲ್ಲಿ, ಆಮೇಲೆ ಬಲಗಡೆಯಲ್ಲಿ ಕಾಫಿ ಕುಡಿದೆ. ಎರಡೂ ಕಡೆ ಸಕ್ಕರೆ ಹೆಚ್ಚಾಗಿತ್ತು. ಹಿಂದಿರುಗುವಾಗ ಟ್ಯಾಕ್ಸಿ ಸ್ವಲ್ಪ ದೂರ ಬ್ರಿಟನ್ ಇಂದಿಗೂ ತನ್ನದಾಗಿ ಉಳಿಸಿಕೊಂಡಿರುವ ಧೆಕೆಲಿಯಾ ಸೇನಾನೆಲೆಯ ನೆಲವನ್ನು ಹಾದು, ಮತ್ತೆ ಸೈಪ್ರಸ್ ಗಣರಾಜ್ಯದೊಳಕ್ಕೆ ಬಂತು. ಚಾಲಕ ಎಲ್ಲಿಯೂ ವೇಗ ತಗ್ಗಿಸಲಿಲ್ಲ.