ಇದು ಯಾವ ತಿಂಗಳ ಬೆಟ್ಟ?

ತೀರ್ಥಹಳ್ಳಿ ಹತ್ತಿರ ನನ್ನ ಸೋದರಮಾವನ ಮನೆ. ಜಗಲಿಯಲ್ಲಿ ಕೂತರೆ ಎದುರಿಗೇ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಬೆಂಗಳೂರಿನಲ್ಲಿ ಕೂತು, ಮೊಬೈಲ್ ಫೋಟೊ ನೋಡಿಕೊಂಡು ಆ ಬೆಟ್ಟವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸ್ಯಾಪ್ ಗ್ರೀನ್ ಟ್ಯೂಬ್ ಹಿಂಡೋದು, ನೀರು ಬೆರೆಸೋದು, ಬಳಿಯೋದು. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಇಟ್ಟರೆ ಮೊದಲು ಮಾರಿಹೋಗುತ್ತಿದ್ದದ್ದೂ ಅವೇ. ಹಸಿರು ಜಾಸ್ತಿ ಇದ್ದಷ್ಟೂ ಬೇಗ!

ಅಂಥದ್ದೊಂದಕ್ಕೆ ಕಟ್ಟು ಹಾಕಿಸಿ ಮಾವನಿಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

"ಚೆನ್ನಾಗಿದೆ ಮಾರಾಯ್ತಿ. ಇದು ಯಾವ ತಿಂಗಳು?"

ನಾನು ಸುಮ್ಮನಿದ್ದೆ.

"ಅಲ್ಲ, ಸೊಪ್ಪು ಕಡಿಯೋ ಬೆಟ್ಟದಲ್ಲಿ ಮರ ಹೀಗೆ ಕೊಡೆ ಬಿಚ್ಚಿದ ಹಾಗೆ ಇರ್ತದಾ?"

ಇರಲ್ಲ. ತೋಟದ ಗೊಬ್ಬರಕ್ಕೆ ವರ್ಷ ವರ್ಷ ಕೊಂಬೆ ಸವರಿ ಸವರಿ ಅಲ್ಲಿನ ಮರಗಳು ಕಂಬದ ಹಾಗೆ ನಿಂತಿವೆ, ತುದಿಗೊಂದು ಹಿಡಿ ಎಲೆ. ಚಿಕ್ಕಂದಿನಿಂದ ನೋಡಿದ್ದೆ, ಬರೆದದ್ದು ಮಾತ್ರ ಕ್ಯಾಲೆಂಡರಿನ ಮರ.

ಆಮೇಲೆ ಫೋಟೊ ಬಿಟ್ಟೆ. ರಜೆ ಸಿಕ್ಕಾಗೆಲ್ಲ ರಾತ್ರಿ ಬಸ್ಸು ಹತ್ತೋದು, ಅದೇ ಜಗಲಿಯಲ್ಲಿ ಕೂರೋದು. ಮಾರ್ಚಿನಲ್ಲಿ ಹೋದಾಗ ಹಸಿರು ಟ್ಯೂಬ್ ತೆಗೆಯುವ ಕೆಲಸವೇ ಹೆಚ್ಚು ಬೀಳಲಿಲ್ಲ. ಮತ್ತಿ ಮರ ಬೋಳು. ಸಾಗಡೆಗೆ ಕೆಂಪು ಚಿಗುರು, ದೂರದಿಂದ ಹೂ ಅಂತಲೇ ಅನ್ನಬೇಕು. ಮಾವಿನ ಚಿಗುರಿನದು ತಾಮ್ರದ ಬಣ್ಣ. ಬರ್ನ್ಟ್ ಸಿಯೆನಾಕ್ಕೆ ಚೂರು ಗುಲಾಬಿ ಸೇರಿಸಿದರೆ ಹತ್ತಿರ ಬರುತ್ತೆ, ಪೂರ್ತಿ ಬರಲ್ಲ. ಮಳೆಗಾಲದಲ್ಲಿ ಇನ್ನೊಂದು. ಕೊಳೆ ರೋಗಕ್ಕೆ ಅಂತ ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೆ ಹೊಡೆದಿರುತ್ತಾರಲ್ವಾ, ಗೊನೆಗಳ ಮೇಲೆ ತಿಳಿ ನೀಲಿ ಕೂತಿರುತ್ತೆ. ನನ್ನ ಹಳೇ ಚಿತ್ರಗಳಲ್ಲಿ ಹುಡುಕಿದರೂ ಆ ನೀಲಿ ಸಿಗಲ್ಲ.

ಮಳೆಯಲ್ಲಿ ಜಲವರ್ಣ ಅಂದ್ರೆ ಜಗಳವೇ. ಕಾಗದ ಒಣಗೋದೇ ಇಲ್ಲ. ಅರ್ಧ ಒಣಗಿದ್ದರ ಮೇಲೆ ನೀರು ಬಿದ್ದರೆ ಬಣ್ಣದ ಅಂಚು ಹೂಕೋಸಿನ ಹಾಗೆ ಒಡೆದುಕೊಳ್ಳುತ್ತೆ. ಮೊದಮೊದಲು ಹರಿದು ಎಸೆಯುತ್ತಿದ್ದೆ. ಈಗ ಮಂಜು ಬೇಕಾದ ಕಡೆ ಬೇಕಂತಲೇ ಒಂದು ಹನಿ ಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳ ಮುಂದೆ ಐದು ನಿಮಿಷವೂ ನಿಂತಿರಲಿಲ್ಲ. ಸುಮ್ನೆ ನೋಡಿಕೊಂಡು ದಾಟಿದ್ದೆ. ಒಂದು ಮೋಡ ಗುಡ್ಡ ಬಿಟ್ಟು ಏಳಲಿ ಅಂತ ಇಡೀ ಬೆಳಗ್ಗೆ ಕಾದ ಮೇಲೆ ಆ ಚಿತ್ರಗಳು ತಾವಾಗಿ ನೆನಪಾದವು.

ಹೋದ ಜುಲೈನಲ್ಲಿ ಬರೆದದ್ದನ್ನು ಬಚ್ಚಲ ಒಲೆ ಪಕ್ಕ ಹಿಡಿದು ಒಣಗಿಸಿದೆ. ಒಂದು ಮೂಲೆಗೆ ಹೊಗೆ ಹಿಡಿಯಿತು, ನನ್ನ ಕಾಲಿಗೆ ಉಂಬಳ ಹಿಡಿಯಿತು. ಮಾವ ನೋಡಿದವರೇ, "ಆಷಾಢ" ಅಂದರು. ನಾನು ಹಿಗ್ಗುವಷ್ಟರಲ್ಲಿ ಬೆರಳಿಟ್ಟು ತೋರಿಸಿದರು.

"ಈ ಹೊನ್ನೆ ಮರ ಆಚೆ ವರ್ಷದ ಗಾಳಿಗೇ ಬಿತ್ತಲ್ಲೇ. ನೀನಿನ್ನೂ ನಿಲ್ಲಿಸ್ಕೊಂಡು ಕೂತಿದೀಯ."