ಸೋಲಿಸಲು ತಿಳಿದ ಆಟಗಳು

ಕಳೆದ ತಿಂಗಳ ಒಂದು ರಜಾದಿನವನ್ನು ಪೂರ್ತಿಯಾಗಿ ವಿಡಿಯೊ ಗೇಮ್‌ಗಳಿಗೆ ಕೊಟ್ಟುಬಿಟ್ಟೆ. ಹೊಸದೇನನ್ನೂ ಕೊಂಡಿರಲಿಲ್ಲ, ಬೇರೆ ಬೇರೆ ಕಾಲದಲ್ಲಿ ಆಡಿ ಬಿಟ್ಟಿದ್ದ ಆಟಗಳನ್ನೇ ಅವು ಹೊರಬಂದ ವರ್ಷದ ಅನುಕ್ರಮದಲ್ಲಿ ಒಂದಾದ ಮೇಲೊಂದರಂತೆ ಆಡುತ್ತಾ ಹೋಗಬೇಕು, ಯಾವುದನ್ನೂ ಮುಗಿಸಿಯೇ ತೀರುವ ಹಟ ಹಿಡಿಯಬಾರದು ಎಂಬುದಷ್ಟೇ ನನ್ನ ಯೋಜನೆಯಾಗಿತ್ತು. ಚಿತ್ರಗಳ ಸೊಗಸು, ಕಥೆ, ಸಂಗೀತ ಇವುಗಳನ್ನು ಹೋಲಿಸಿ ನೋಡೋಣವೆಂದು ಕುಳಿತವನು ಮಧ್ಯಾಹ್ನದ ಹೊತ್ತಿಗೆ ಅವೆಲ್ಲವನ್ನೂ ಬಿಟ್ಟು, ಪ್ರತಿಯೊಂದು ಆಟವೂ ನನ್ನನ್ನು ಯಾವ ಬಗೆಯಲ್ಲಿ ಸೋಲಿಸುತ್ತಿದೆ ಎಂಬುದನ್ನೇ ಗಮನಿಸತೊಡಗಿದ್ದೆ.

ಮೊದಲಿಗೆ ಆಡಿದ್ದು 1980ರಲ್ಲಿ ತೋರು ಇವಾತಾನಿ ರೂಪಿಸಿದ ಪ್ಯಾಕ್‌ಮ್ಯಾನ್. ನಾಲ್ಕು ಬಣ್ಣದ ಭೂತಗಳು ಮನಬಂದಂತೆ ಅಟ್ಟಿಸಿಕೊಂಡು ಬರುತ್ತವೆ ಎಂದು ಮೇಲುನೋಟಕ್ಕೆ ಅನಿಸಿದರೂ ಒಂದೊಂದಕ್ಕೂ ತನ್ನದೇ ನಿಯಮವಿದೆ. ಕೆಂಪು ಭೂತ ನಾವಿರುವ ಜಾಗಕ್ಕೇ ನುಗ್ಗುತ್ತದೆ. ಗುಲಾಬಿ ಬಣ್ಣದ್ದು ನಾವು ಸಾಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಿನ ಜಾಗವನ್ನು ಗುರಿಯಿಟ್ಟು ಅಡ್ಡಗಟ್ಟಲು ನೋಡುತ್ತದೆ. ಕಿತ್ತಳೆ ಬಣ್ಣದ್ದು ದೂರದಿಂದ ಆವೇಶದಿಂದ ಬಂದು, ಎಂಟು ಚೌಕದಷ್ಟು ಹತ್ತಿರವಾದೊಡನೆ ಪುಕ್ಕಲನಂತೆ ತನ್ನ ಮೂಲೆಯ ಕಡೆಗೆ ಹೊರಳಿಬಿಡುತ್ತದೆ. ನೀಲಿ ಭೂತ ಮಾತ್ರ ಕೆಂಪು ಭೂತ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದರ ನಡೆಯನ್ನು ಊಹಿಸುವುದು ಎಲ್ಲಕ್ಕಿಂತ ಕಷ್ಟ. ಇಷ್ಟು ತಿಳಿದ ಮೇಲೆ ಸಿಕ್ಕಿಬಿದ್ದಾಗ ಅದೃಷ್ಟವನ್ನು ಬೈಯುವಂತಿಲ್ಲ, ಯಾವ ತಿರುವಿನಲ್ಲಿ ತಡವಾಯಿತು ಎಂಬುದು ಸೋತ ಕ್ಷಣದಲ್ಲಿಯೇ ಹೊಳೆಯುತ್ತದೆ. 256ನೆಯ ಹಂತದಲ್ಲಿ ಪರದೆಯ ಬಲಭಾಗವೆಲ್ಲ ಅಕ್ಷರ, ಅಂಕಿಗಳ ಗೊಂದಲವಾಗಿ ಆಟವೇ ಮುಂದೆ ಸಾಗದಂತಾಗುತ್ತದೆ. ಅಲ್ಲಿಯವರೆಗೆ ಹೋಗುವ ಭಯ ನನಗಂತೂ ಇಲ್ಲ.

ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಿ ಅಡ್ಡಸಾಲುಗಳನ್ನು ತುಂಬಿಸಿ ಅಳಿಸುವ, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಸೃಷ್ಟಿಸಿದ ಟೆಟ್ರಿಸ್‌ನಲ್ಲಿ ಗೆಲುವೆಂಬುದೇ ಇಲ್ಲ, ಸೋಲನ್ನು ಎಷ್ಟು ಹೊತ್ತು ಮುಂದೂಡಬಲ್ಲಿರಿ ಎಂಬುದೇ ಆಟ. ಈಗಿನ ಆವೃತ್ತಿಗಳಲ್ಲಿ ಏಳು ಆಕಾರಗಳನ್ನೂ ಒಟ್ಟಿಗೆ ಕಲಸಿ, ಆ ಏಳೂ ಮುಗಿದ ಮೇಲೆಯೇ ಮತ್ತೆ ಕಲಸಿ ಕೊಡುವ ಪದ್ಧತಿಯಿದೆ. ಆದ್ದರಿಂದ ಒಂದು ಉದ್ದ ಪಟ್ಟಿಗೂ ಮತ್ತೊಂದಕ್ಕೂ ನಡುವೆ ಹನ್ನೆರಡಕ್ಕಿಂತ ಹೆಚ್ಚು ತುಂಡುಗಳು ಬರಲಾರವು. ಹಳೆಯವುಗಳಲ್ಲಿ ಇಂಥ ಭರವಸೆಯಿರಲಿಲ್ಲ, ಉದ್ದ ಪಟ್ಟಿ ಬಂದೇ ಬರುತ್ತದೆಂದು ಅಂಚಿನ ಒಂದು ಕಂಬಸಾಲನ್ನು ಖಾಲಿ ಬಿಟ್ಟುಕೊಂಡು ಕಾದವರನ್ನು ಅವು ನಿರ್ದಯವಾಗಿ ಮುಳುಗಿಸುತ್ತಿದ್ದವು. ಹೊಸ ಪದ್ಧತಿ ಹೆಚ್ಚು ನ್ಯಾಯವಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೂ ನನ್ನ ಒಲವು ಹಳೆಯದರ ಕಡೆಗೇ, ಏಕೆಂದರೆ ಅಲ್ಲಿ ನಾಲ್ಕು ಸಾಲುಗಳನ್ನು ಒಮ್ಮೆಗೇ ಅಳಿಸುವ ದುರಾಸೆಗೆ ತಕ್ಕ ಬೆಲೆಯಿದೆ, ಮತ್ತು ಆ ಬೆಲೆ ಎಷ್ಟೆಂಬುದು ಆಸೆಪಡುವಾಗಲೇ ಆಟಗಾರನಿಗೆ ತಿಳಿದಿರುತ್ತದೆ.

1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತದ ಬಗ್ಗೆ ಸಾಕಷ್ಟು ಮಂದಿ ಬರೆದಿದ್ದಾರೆ, ಆದ್ದರಿಂದ ನಾನು ಒಂದೇ ವಿಷಯ ಹೇಳುತ್ತೇನೆ. ಆ ಹಂತದ ಕೊನೆಯ ಭಾಗದಲ್ಲಿ ಎರಡು ಮೆಟ್ಟಿಲಸಾಲುಗಳು ಎದುರುಬದುರಾಗಿ ನಿಂತಿವೆ. ನಡುವಿನ ಸಂದಿಗೆ ಬಿದ್ದರೆ ಕೆಳಗೆ ನೆಲವಿದೆ, ಎದ್ದು ಮತ್ತೆ ಹತ್ತಬಹುದು. ಸ್ವಲ್ಪ ಮುಂದೆ ಅಂಥದೇ ಇನ್ನೊಂದು ಜೋಡಿ ಬರುತ್ತದೆ, ಅಲ್ಲಿ ನಡುವೆ ನೆಲವಿಲ್ಲ. ಒಂದಕ್ಷರದ ಸೂಚನೆಯನ್ನೂ ಕೊಡದೆ, ಮೊದಲು ಅಪಾಯವಿಲ್ಲದ ಕಡೆ ಬೀಳಿಸಿ ಆಮೇಲೆ ಪ್ರಾಣಕ್ಕೇ ಕುತ್ತಾಗುವ ಕಡೆ ಹಾರಲು ಹೇಳುವ ಈ ಸೌಜನ್ಯ, ಪುಟಗಟ್ಟಲೆ ಮಾಹಿತಿಯನ್ನು ಪರದೆಯ ಮೇಲೆ ಸುರಿಯುವ ಇಂದಿನ ಎಷ್ಟೋ ದುಬಾರಿ ಆಟಗಳಿಗೆ ಇಲ್ಲ.

ಅಲ್ಲಿಂದ ನೇರವಾಗಿ 2011ರ ಡಾರ್ಕ್ ಸೋಲ್ಸ್‌ಗೆ ಜಿಗಿದೆ, ದಿನದ ಹೆಚ್ಚಿನ ಪಾಲು ಅದಕ್ಕೇ ಹೋಯಿತು. ಸತ್ತರೆ ಅಲ್ಲಿಯವರೆಗೆ ಗಳಿಸಿ ಖರ್ಚು ಮಾಡದೆ ಉಳಿಸಿಕೊಂಡಿದ್ದ ‘ಸೋಲ್ಸ್’ ಎಂಬ ಆಟದ ನಾಣ್ಯವೆಲ್ಲವೂ ಸತ್ತ ಜಾಗದಲ್ಲೇ ಉಳಿಯುತ್ತದೆ, ಕೊಂದ ಶತ್ರುಗಳಲ್ಲಿ ಬಹುಪಾಲು ಮತ್ತೆ ಎದ್ದು ನಿಲ್ಲುತ್ತಾರೆ, ಕೊನೆಯ ಬಾರಿ ವಿಶ್ರಮಿಸಿದ ಬೆಂಕಿಯಿಂದ ಅಲ್ಲಿಗೆ ಮರಳಿ ಹೋಗಿ ಅದನ್ನು ಎತ್ತಿಕೊಳ್ಳಲು ಒಂದೇ ಅವಕಾಶ. ನಡುದಾರಿಯಲ್ಲಿ ಮತ್ತೆ ಸತ್ತರೆ ಅದು ಶಾಶ್ವತವಾಗಿ ಹೋಯಿತು. ಇದನ್ನು ಕ್ರೌರ್ಯ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಈಟಿ ಹಿಡಿದ ಚುರುಕಿನ ಯೋಧ ಆರ್ನ್‌ಸ್ಟೀನ್ ಮತ್ತು ಭಾರಿ ಸುತ್ತಿಗೆಯ ದೈತ್ಯ ಸ್ಮೌ ಒಟ್ಟಿಗೇ ಮೇಲೆ ಬೀಳುವ ಕಾಳಗವನ್ನೇ ನೋಡಿ: ಒಬ್ಬನನ್ನು ಕೊಂದರೆ ಉಳಿದವನು ಅವನ ಶಕ್ತಿಯನ್ನೂ ಹೀರಿಕೊಂಡು ಪೂರ್ಣ ಬಲದಿಂದ ಮತ್ತೆ ನಿಲ್ಲುತ್ತಾನೆ, ಆದ್ದರಿಂದ ಯಾರನ್ನು ಮೊದಲು ಕೆಡವಬೇಕು ಎಂಬುದೇ ಒಂದು ಗಂಭೀರ ಪ್ರಶ್ನೆಯಾಗುತ್ತದೆ. ಅಲ್ಲಿ ಬೀಳುವ ಪ್ರತಿಯೊಂದು ಏಟಿಗೂ ಮುನ್ಸೂಚನೆಯಿದೆ, ಕಂಬಗಳ ಮರೆಯಿದೆ, ಕಲಿಯಲು ಏನೋ ಇದೆ. ಅದೇ ಆಟದಲ್ಲಿ ಮುಂದೆ ಬರುವ ಬೆಡ್ ಆಫ್ ಕೇಯಾಸ್ ಎಂಬ ಬಾಸ್, ಅಂದರೆ ಪ್ರಬಲ ಮುಖ್ಯ ಶತ್ರುವಿನ ಜೊತೆಗಿನ ಕಾಳಗದಲ್ಲಿ ಈ ಮರ್ಯಾದೆಯಿಲ್ಲ. ಕಾಲ ಕೆಳಗಿನ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಪಾತಾಳಕ್ಕೆ ಬೀಳುವವನಿಗೆ ತಾನು ಏನು ಮಾಡಬೇಕಿತ್ತು ಎಂಬುದೇ ತಿಳಿಯುವುದಿಲ್ಲ. ಆ ಶತ್ರುವಿನ ಒಮ್ಮೆ ಮುರಿದ ಭಾಗಗಳು ನಾವು ಸತ್ತು ಬಂದ ಮೇಲೂ ಮುರಿದೇ ಇರುತ್ತವೆ ಎಂಬ ರಿಯಾಯಿತಿ, ಆ ಕಾಳಗ ಸರಿಯಿಲ್ಲವೆಂದು ಆಟವೇ ಒಪ್ಪಿಕೊಂಡಂತೆ ನನಗೆ ಕಾಣುತ್ತದೆ.

ಬೆರಳುಗಳಿಗೆ ಬಿಡುವು ಕೊಡಲೆಂದು ನಡುವೆ ಫೋನಿನಲ್ಲಿ ಬಣ್ಣದ ತುಂಡುಗಳನ್ನು ಮೂರು ಮೂರಾಗಿ ಜೋಡಿಸುವ ಆಟವೊಂದನ್ನು ತೆರೆದೆ. ಐದು ಜೀವಗಳು ಮುಗಿದೊಡನೆ ಕಾಯಿರಿ ಅಥವಾ ಹಣ ಕೊಡಿ ಎಂದಿತು. ಸೋತದ್ದು ನನ್ನ ಜಾಣತನ ಸಾಲದ್ದರಿಂದಲೋ, ತುಂಡುಗಳು ಹಾಗೆಯೇ ಬಿದ್ದದ್ದರಿಂದಲೋ ಹೇಳುವಂತಿಲ್ಲ. ಸೋಲಿನಿಂದ ಕಲಿಯುವುದು ಏನೂ ಇಲ್ಲದಿದ್ದಾಗ ಅದನ್ನು ಮಾರಾಟಕ್ಕಿಡುವುದು ಸುಲಭ.

ಸಂಜೆ ಆಡಿದ ಸೆಲೆಸ್ಟ್ 2018ರದು. ಬೆಟ್ಟ ಹತ್ತುವ ಮ್ಯಾಡಲಿನ್ ಎಂಬ ಹುಡುಗಿ ಮುಳ್ಳಿಗೆ ತಾಗಿ ಸತ್ತರೆ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯ ಆರಂಭದಲ್ಲಿ ನಿಂತಿರುತ್ತಾಳೆ, ಆದ್ದರಿಂದ ಅಲ್ಲಿ ಸಾವೆಂದರೆ ದಂಡವಲ್ಲ, ಮತ್ತೊಂದು ಪ್ರಯತ್ನ ಅಷ್ಟೆ. ಅದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಅದು ಗುಟ್ಟಾಗಿ ಮಾಡುವ ಉಪಕಾರಗಳು. ಅಂಚು ದಾಟಿದ ಮೇಲೂ ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ಹೊತ್ತು ನೆಗೆಯಲು ಬಿಡುತ್ತದೆ. ನೆಗೆಯುವಾಗ ತಲೆ ಮೂಲೆಗೆ ತುಸು ತಾಗಿದರೆ ತಾನೇ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಆಟಗಾರನಿಗೆ ಇದು ಗೊತ್ತೇ ಆಗುವುದಿಲ್ಲ, ತಾನೇ ನಿಖರವಾಗಿ ನೆಗೆದೆನೆಂದು ಅವನು ಹೆಮ್ಮೆಪಡುತ್ತಾನೆ. ಬೇಕಾದವರು ಆಟದ ವೇಗವನ್ನು ತಗ್ಗಿಸಿಕೊಳ್ಳಲು, ಸಾವೇ ಇಲ್ಲದಂತೆ ಮಾಡಿಕೊಳ್ಳಲು ಬಹಿರಂಗವಾಗಿಯೇ ಅವಕಾಶವಿದೆ, ಅದನ್ನು ಬಳಸಿದವರನ್ನು ಆಟ ಹಂಗಿಸುವುದಿಲ್ಲ. ಇಂಥ ಸೌಲಭ್ಯದಿಂದ ಗೆಲುವಿನ ಬೆಲೆ ಕುಸಿಯುತ್ತದೆಂಬ ವಾದದಲ್ಲಿ ನನಗೆ ಹುರುಳು ಕಾಣುವುದಿಲ್ಲ. ಬೇರೆಯವರು ಹೇಗೆ ಹತ್ತಿದರೂ ನಾನು ಹತ್ತಬೇಕಾದ ಬೆಟ್ಟ ಅಷ್ಟೇ ಎತ್ತರವಿರುತ್ತದೆ.

ಕೊನೆಗೆ, ಅದೇ ವರ್ಷ ಬಂದ ಲ್ಯೂಕಸ್ ಪೋಪ್ ಅವರ ರಿಟರ್ನ್ ಆಫ್ ದಿ ಒಬ್ರಾ ಡಿನ್. 1807ರಲ್ಲಿ ಜನರಿಲ್ಲದೆ ಮರಳಿ ಬಂದ ಹಡಗಿನಲ್ಲಿದ್ದ ಅರವತ್ತು ಮಂದಿಗೂ ಏನಾಯಿತೆಂದು ವಿಮಾ ತನಿಖಾಧಿಕಾರಿಯಾಗಿ ಪತ್ತೆಹಚ್ಚಬೇಕು. ಯಾರ ಹೆಸರೇನು, ಅವರ ಗತಿ ಏನಾಯಿತು ಎಂದು ಆಟದೊಳಗಿನ ಪುಸ್ತಕದಲ್ಲಿ ಬರೆಯುವ ಉತ್ತರಗಳು ಮೂರು ಮಂದಿಯ ವಿಷಯದಲ್ಲಿ ಸರಿಯಾದಾಗ ಮಾತ್ರ ಆಟ ಅವನ್ನು ಖಚಿತಪಡಿಸುತ್ತದೆ. ಬರಿಯ ಊಹೆಯಿಂದ ಗೆಲ್ಲುವುದನ್ನು ತಡೆಯಲು ಇದಕ್ಕಿಂತ ಜಾಣ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿ ಸಾವಿಲ್ಲ, ಗಡುವಿಲ್ಲ, ಉತ್ತರ ತಪ್ಪಾಗಿದ್ದರೆ ಆಟ ಸುಮ್ಮನಿರುತ್ತದೆ ಅಷ್ಟೆ. ಎರಡನೆಯ ಬಾರಿ ಆಡುವವನಿಗೆ ಇದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ನಿಜವಾದ ಕೊರತೆಯೇ, ನನಗೂ ಹಲವು ಹೆಸರುಗಳು ನೆನಪಿದ್ದವು. ಆದರೆ ಅವುಗಳನ್ನು ಮೊದಲ ಸಲ ಯಾವ ಸುಳಿವಿನಿಂದ ಕಂಡುಹಿಡಿದಿದ್ದೆ ಎಂಬುದು ಪೂರ್ತಿ ಮರೆತುಹೋಗಿತ್ತು. ಆದ್ದರಿಂದ ಜೋಲುಹಾಸಿಗೆಯ ಅಂಕಿಯೋ, ಮಾತಿನ ಧಾಟಿಯೋ, ಕಾಲಿನ ಬೂಟೋ, ಏನಾದರೊಂದು ಪುರಾವೆ ಕಣ್ಣಿಗೆ ಬೀಳುವವರೆಗೆ ಗೊತ್ತಿರುವ ಹೆಸರನ್ನೂ ಬರೆಯಬಾರದೆಂದು ನಾನೇ ನಿಯಮ ಹಾಕಿಕೊಂಡು ಆಡತೊಡಗಿದೆ. ರಾತ್ರಿ ಮಲಗುವ ಹೊತ್ತಿಗೂ ಪುಸ್ತಕದ ಹೆಚ್ಚಿನ ಹೆಸರುಗಳ ಜಾಗ ಖಾಲಿಯೇ ಇತ್ತು.