ರಜೆಯ ರಾತ್ರಿ ಮಾತನಾಡುತ್ತಿದ್ದ ಕಂಪ್ಯೂಟರ್

2023ರ ಆಯುಧ ಪೂಜೆ ಅಕ್ಟೋಬರ್ 23ರ ಸೋಮವಾರ ಬಿದ್ದಿತ್ತು. ನಾವು ಭದ್ರತೆ ನೋಡಿಕೊಳ್ಳುತ್ತಿದ್ದ ಪೀಣ್ಯದ ಕಾರ್ಖಾನೆಯೊಂದು ಶನಿವಾರ ಮಧ್ಯಾಹ್ನವೇ ಪೂಜೆ ಮುಗಿಸಿ, ಬೂದುಗುಂಬಳಕಾಯಿ ಒಡೆದು, ಬುಧವಾರದವರೆಗೆ ಬಾಗಿಲು ಹಾಕಿತ್ತು. ಲೇತ್‌ಗಳಿಗೂ ಕಂಪ್ಯೂಟರ್‌ಗಳಿಗೂ ಅದೇ ಕುಂಕುಮ, ಅದೇ ಚೆಂಡುಹೂ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟಬಾರದೆಂದು ನಮ್ಮ ಮನೆಯಲ್ಲಿ ಅಜ್ಜ ಕುಡುಗೋಲನ್ನೂ ದೇವರ ಮುಂದೆಯೇ ಬಿಡುತ್ತಿದ್ದರು. ಅದನ್ನು ನೆನೆಯುತ್ತಿದ್ದಾಗಲೇ ಒಂದು ಪ್ರಶ್ನೆ ಹೊಳೆಯಿತು: ಯಾರೂ ಮುಟ್ಟದ ಈ ದಿನಗಳಲ್ಲೂ ಹೊರಗಿನವರೊಡನೆ ಮಾತನಾಡುತ್ತಲೇ ಇರುವ ಕಂಪ್ಯೂಟರ್ ಅಲ್ಲಿ ಇದೆಯೇ?

ನನ್ನ ಕೆಲಸಕ್ಕೆ ಥ್ರೆಟ್ ಹಂಟಿಂಗ್ ಎನ್ನುತ್ತಾರೆ. ಗಂಟೆ ಬಾರಿಸಿದ ಮೇಲೆ ಓಡುವುದು ಬೇರೆಯವರ ಪಾಳಿ. ಗಂಟೆ ಬಾರಿಸದೇ ಇದ್ದಾಗಲೂ ಕಳ್ಳ ಒಳಗೇ ಇದ್ದಾನೆಂದು ಊಹಿಸಿಕೊಂಡು, ಇದ್ದರೆ ಎಲ್ಲಿ ಹೆಜ್ಜೆ ಮೂಡಿರಬೇಕೆಂದು ಹುಡುಕುವುದು ನಮ್ಮದು. ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಸಂಸ್ಥೆಗಳು ವೋಲ್ಟ್ ಟೈಫೂನ್ ಎಂಬ ಹ್ಯಾಕರ್‌ಗಳ ಗುಂಪಿನ ಬಗ್ಗೆ ಎಚ್ಚರಿಸಿದ್ದವು. ಆ ಗುಂಪು ಹೊರಗಿನಿಂದ ಹೆಚ್ಚೇನೂ ತರುವುದಿಲ್ಲ, ವಿಂಡೋಸ್ ಜೊತೆಗೇ ಬರುವ ಸಲಕರಣೆಗಳಿಂದಲೇ ಕೆಲಸ ಸಾಗಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯುವಾಗ ಆ್ಯಂಟಿವೈರಸ್ ಯಾರನ್ನು ನೋಡಿ ಕೂಗಬೇಕು? ನಾವು ಬೇಟೆಗೆ ಹೊರಡಬೇಕಾಗುವುದು ಇದೇ ಕಾರಣಕ್ಕೆ.

ರಜೆಯ ದಿನ ಹುಡುಕುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ 2016ರಲ್ಲಿ ಕನ್ನ ಹಾಕಿದವರು ಆರಿಸಿಕೊಂಡಿದ್ದು ಫೆಬ್ರವರಿ 4ರ ಗುರುವಾರ ರಾತ್ರಿಯನ್ನು. ಢಾಕಾದಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಅಲ್ಲಿ ಬಾಗಿಲು ತೆರೆಯುವ ಹೊತ್ತಿಗೆ, ಹಣವಿಟ್ಟಿದ್ದ ನ್ಯೂಯಾರ್ಕಿನ ಬ್ಯಾಂಕಿಗೆ ವಾರಾಂತ್ಯದ ರಜೆ. ಸೋಮವಾರ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸ ವರ್ಷದ ರಜೆ. ಸುಮಾರು 100 ಕೋಟಿ ಡಾಲರಿಗೆ ಕೈಹಾಕಿ 8.1 ಕೋಟಿ ಡಾಲರನ್ನು ಫಿಲಿಪ್ಪೀನ್ಸಿಗೆ ಸಾಗಿಸಿದರು. ಅದು ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸವೆಂದು ಅಮೆರಿಕ ನಂತರ ಆರೋಪಪಟ್ಟಿಯಲ್ಲಿ ಹೇಳಿತು. ನಮ್ಮ ಹಬ್ಬಗಳ ಪಂಚಾಂಗವನ್ನು ನಮಗಿಂತ ಚೆನ್ನಾಗಿ ಓದುವವರು ಇವರು.

ಭಾನುವಾರ ರಾತ್ರಿ ಹತ್ತು ಗಂಟೆಗೆ ಕುಳಿತೆ. ಕಾರ್ಖಾನೆಯಲ್ಲಿ ಆರುನೂರಕ್ಕೂ ಹೆಚ್ಚು ಕಂಪ್ಯೂಟರ್‌ಗಳು. ಆ ರಾತ್ರಿ ನೆಟ್‌ವರ್ಕಿನಲ್ಲಿ ಉಸಿರಾಡುತ್ತಿದ್ದವು 41. ಸರ್ವರ್‌ಗಳನ್ನೂ ಕ್ಯಾಮೆರಾಗಳನ್ನೂ ಅಪ್‌ಡೇಟಿಗಾಗಿ ಎಚ್ಚರವಿದ್ದವುಗಳನ್ನೂ ಪಟ್ಟಿಯಿಂದ ತೆಗೆದ ಮೇಲೆ ಮೂರು ಉಳಿದವು. ಒಂದು ಪ್ರಿಂಟರ್ ತಂತ್ರಾಂಶ, ತಯಾರಕರಿಗೆ ಇಂಕಿನ ಲೆಕ್ಕ ಕಳಿಸುತ್ತಿತ್ತು. ಇನ್ನೊಂದು ಹಾಜರಾತಿ ಯಂತ್ರ. ಮೂರನೆಯದು ಸ್ಟೋರ್ಸ್ ವಿಭಾಗದ ಗುಮಾಸ್ತರ ಕಂಪ್ಯೂಟರ್.

ಅದು ಹೊರಗಿನ ಒಂದೇ ವಿಳಾಸಕ್ಕೆ ಮತ್ತೆ ಮತ್ತೆ ಹೋಗಿಬರುತ್ತಿತ್ತು. 53 ಸೆಕೆಂಡು, 59, 49, 56, 51. ಮೇಲುನೋಟಕ್ಕೆ ಅಡ್ಡಾದಿಡ್ಡಿ. ಸಾವಿರಾರು ಅಂತರಗಳನ್ನು ಒಂದೇ ನಕ್ಷೆಯಲ್ಲಿ ಚುಕ್ಕೆಯಾಗಿ ಇಟ್ಟಾಗ ಎಲ್ಲವೂ 48 ಮತ್ತು 60ರ ನಡುವೆ ಪಟ್ಟಿ ಕಟ್ಟಿ ನಿಂತವು. ಮನುಷ್ಯ ಜಾಲತಾಣ ನೋಡುವಾಗ ಹೀಗೆ ನಡೆಯುವುದಿಲ್ಲ. ಹತ್ತು ಸಲ ಒತ್ತುತ್ತಾನೆ, ಕಾಫಿಗೆ ಏಳುತ್ತಾನೆ, ಮರೆಯುತ್ತಾನೆ. ಅರವತ್ತು ಸೆಕೆಂಡಿಗೊಮ್ಮೆ ಯಜಮಾನನನ್ನು ಕೇಳು, ಗುರುತು ಸಿಗದಂತೆ ಆ ಅಂತರವನ್ನು ಶೇಕಡಾ ಇಪ್ಪತ್ತರವರೆಗೆ ಮನಸ್ಸಿಗೆ ಬಂದಷ್ಟು ಕಡಿಮೆ ಮಾಡು ಎಂದು ಹೇಳಿಟ್ಟರೆ ಕೋಬಾಲ್ಟ್ ಸ್ಟ್ರೈಕ್ ಎಂಬ ಸಲಕರಣೆ ನಡೆಯುವುದು ಸರಿಯಾಗಿ ಹೀಗೆ. ಭದ್ರತೆ ಪರೀಕ್ಷಿಸುವವರಿಗಾಗಿ ಮಾಡಿದ ಸಲಕರಣೆ ಅದು. ಕದ್ದ ಪ್ರತಿಗಳು ಹತ್ತಾರು ಗುಂಪುಗಳ ಕೈಯಲ್ಲಿವೆ.

ಉಳಿದ ದಿನಗಳಲ್ಲಿ ಇದೇ ಸದ್ದು ಆರುನೂರು ಜನರ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಸಂತೆ ಚದುರಿದ ಮೇಲೆ ಕೇಳಿಸಿತು.

ಆ ಕಂಪ್ಯೂಟರಿನ ಒಳಗಿನ ದಾಖಲೆ ತೆರೆದೆ. ಹೊರಗೆ ಹೋಗುತ್ತಿದ್ದದ್ದು ರನ್‌ಡಿಎಲ್‌ಎಲ್32. ಅದು ವಿಂಡೋಸಿನದೇ ಸಣ್ಣ ಆಳು. ಯಾವ ಫೈಲಿನ ಯಾವ ಕೆಲಸ ಮಾಡಬೇಕೆಂದು ಹೇಳಿಯೇ ಅದನ್ನು ಕರೆಯಬೇಕು. ಇಲ್ಲಿ ಏನನ್ನೂ ಹೇಳದೆ ಕರೆದಿದ್ದರು. ತಲೆಯ ಮೇಲೆ ಮೂಟೆಯಿಲ್ಲದ ಹಮಾಲಿ ರಾತ್ರಿಯಿಡೀ ಗೋದಾಮಿನ ಗೇಟು ದಾಟಿ ಓಡಾಡುತ್ತಿದ್ದರೆ ಕಾವಲುಗಾರನಿಗೆ ಏನನ್ನಿಸಬೇಕೋ ನನಗೂ ಅದೇ ಅನ್ನಿಸಿತು.

ಆಮೇಲೆ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಶನಿವಾರ ರಾತ್ರಿ 11 ಗಂಟೆ 52 ನಿಮಿಷಕ್ಕೆ ಆ ಕಂಪ್ಯೂಟರಿನಲ್ಲಿ ಒಂದು ಆದೇಶ ನಡೆದಿತ್ತು. ‘ಹೂ ಆಮ್ ಐ’ ಎಂಬ ಮೂರು ಪದಗಳನ್ನು ಬಿಡುವಿಲ್ಲದೆ ಸೇರಿಸಿ ಬರೆಯುವ ಆದೇಶ. ಯಾವ ಬಳಕೆದಾರನ ಹೆಸರಿನಲ್ಲಿ ಒಳಗಿದ್ದೇನೆಂದು ತಿಳಿಯಲು ಮೊದಲು ಕೊಡುವಂಥದ್ದು. ಆದರೆ ದಾಖಲೆಯಲ್ಲಿ ಎರಡು ಅಕ್ಷರ ಅದಲುಬದಲಾಗಿದ್ದವು. ಆರು ಸೆಕೆಂಡಿನ ನಂತರ ಅದೇ ಆದೇಶ, ಈ ಸಲ ಸರಿಯಾಗಿ. ಯಂತ್ರಕ್ಕೆ ಬೆರಳಿಲ್ಲ, ಅಕ್ಷರ ತಪ್ಪುವುದಿಲ್ಲ. ನಾವು ಪೂಜೆ ಮುಗಿಸಿ ಮಲಗಿದ್ದ ಹೊತ್ತಿನಲ್ಲಿ ಎಲ್ಲೋ ಒಬ್ಬ ಮನುಷ್ಯ ಕೀಲಿಮಣೆಯ ಮುಂದೆ ಕುಳಿತು, ಅವಸರದಲ್ಲಿ ತಪ್ಪು ಒತ್ತಿ, ತಿದ್ದಿಕೊಂಡಿದ್ದ. ಬೆನ್ನು ತಣ್ಣಗಾಯಿತು.

ಅಲ್ಲಿಂದ ಮುಂದೆ ಅವನು ಹೋದಲ್ಲೆಲ್ಲ ನಾನೂ ಹೋದೆ. ಕಾರ್ಖಾನೆಯ ಎಲ್ಲ ಕಂಪ್ಯೂಟರ್‌ಗಳನ್ನೂ ಖಾತೆಗಳನ್ನೂ ಒಂದೆಡೆಯಿಂದ ಆಳುವ ವ್ಯವಸ್ಥೆಗೆ ಡೊಮೈನ್ ಎನ್ನುತ್ತಾರೆ, ಅದರ ನಿರ್ವಾಹಕರು ಯಾರೆಂದು ಕೇಳಿದ್ದ. ಹಂಚಿಕೊಂಡ ಫೋಲ್ಡರ್‌ಗಳ ಪಟ್ಟಿ ತೆಗೆದಿದ್ದ. ಡೊಮೈನ್ ಸರ್ವರಿನಲ್ಲಿ 4769 ಸಂಖ್ಯೆಯ ದಾಖಲೆಗಳು ಒಂದೇ ನಿಮಿಷದಲ್ಲಿ ಹದಿನೇಳು. ತಂತ್ರಾಂಶಗಳು ತಮ್ಮ ಕೆಲಸಕ್ಕೆ ಬಳಸುವ ಸೇವಾ ಖಾತೆಗಳ ಟಿಕೆಟ್‌ಗಳನ್ನು, ಅಂದರೆ ಪ್ರವೇಶಪತ್ರಗಳನ್ನು, ಕೇಳಿದ ಗುರುತು. ಎಲ್ಲವನ್ನೂ ಹಳೆಯ ಆರ್‌ಸಿ4 ಗೂಢಲಿಪಿಯಲ್ಲೇ ಕೇಳಿದ್ದ. ಅಂಥ ಟಿಕೆಟ್ ಕೈಗೆ ಸಿಕ್ಕರೆ ತನ್ನ ಊರಿನಲ್ಲೇ ಕುಳಿತು, ಯಾರ ಕಣ್ಣಿಗೂ ಬೀಳದೆ, ಪಾಸ್‌ವರ್ಡ್ ಒಡೆಯಬಹುದು. ಬ್ಯಾಕಪ್ ಖಾತೆಯ ಪಾಸ್‌ವರ್ಡ್ ಒಡೆದಿತ್ತು. ಅದೇ ಖಾತೆಯಿಂದ ಕಡತಗಳ ಸರ್ವರಿಗೆ ಕಾಲಿಟ್ಟು, ಅಪ್‌ಡೇಟಿನಂತೆ ತೋರುವ ಹೆಸರಿನಲ್ಲಿ ಹೊಸ ಸೇವೆಯೊಂದನ್ನು ನೆಟ್ಟಿದ್ದ.

ವಿಂಡೋಸಿನ ಭದ್ರತಾ ದಾಖಲೆಗೆ ಮೊದಲಿನಿಂದ ಇರುವ ಜಾಗ ಸಾಮಾನ್ಯವಾಗಿ 20 ಎಂಬಿ. ಗದ್ದಲದ ಸರ್ವರಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತದೆ. ದಾಖಲೆಗಳನ್ನು ಬೇರೆಡೆಗೆ ಕಳಿಸಿ ಕೂಡಿಡಬೇಕೆಂದು ಆ ಕಾರ್ಖಾನೆಯ ಐಟಿ ಮುಖ್ಯಸ್ಥರು ಹಿಂದಿನ ವರ್ಷ ಆಡಳಿತದವರೊಂದಿಗೆ ಜಗಳವಾಡಿಯೇ ಹಣ ಮಂಜೂರು ಮಾಡಿಸಿದ್ದರು. ಆ ಜಗಳ ಆಗಿರದಿದ್ದರೆ ಶನಿವಾರದ ಹೆಜ್ಜೆಗಳು ಭಾನುವಾರ ರಾತ್ರಿ ಇರುತ್ತಿರಲಿಲ್ಲ. ಅವರಿಗೆ ಋಣಿ ನಾನು.

ಒಂದೂ ನಲವತ್ತಕ್ಕೆ ಅವರಿಗೇ ಫೋನ್ ಮಾಡಿದೆ. “ಈಗಲೇ ಸ್ಟೋರ್ಸ್ ಕಂಪ್ಯೂಟರ್ ಆರಿಸಿಬಿಡಲೇ?” ಎಂದರು. “ಬೇಡ ಸರ್. ಆರಿಸಿದರೆ ಮೆಮೊರಿಯಲ್ಲಿ ಇರುವುದೆಲ್ಲ ಹೋಗುತ್ತದೆ. ಮೊದಲು ಬ್ಯಾಕಪ್ ಸರ್ವರಿನ ಕೇಬಲ್ ಎಳೆಸಿ” ಎಂದೆ. ಸುಲಿಗೆಗೆ ಬಂದವರು ಮೊದಲು ಕೆಡಿಸುವುದು ಬ್ಯಾಕಪ್ಪನ್ನೇ. ಕಾವಲಿನವರು ಓಡಿಹೋಗಿ ಎಳೆದರು.

ಬಾಕಿಯದಕ್ಕೆ ಕಾಯಬೇಕಿತ್ತು. ಒಂದು ಬಾಗಿಲು ಮುಚ್ಚಿದ ಕೂಡಲೇ ಅವನಿಗೆ ಗೊತ್ತಾಗುತ್ತದೆ, ನಮಗೆ ಕಾಣದ ಇನ್ನೊಂದರಿಂದ ಬರುತ್ತಾನೆ. ಎಲ್ಲ ಬಾಗಿಲುಗಳನ್ನೂ ಎಣಿಸಿ, ಒಟ್ಟಿಗೆ ಮುಚ್ಚಬೇಕು. ಎಣಿಸುವಷ್ಟರಲ್ಲಿ ಅವನು ಎದ್ದು ಕಡತಗಳಿಗೆ ಬೀಗ ಹಾಕಲು ಶುರು ಮಾಡಿದರೆ? ಆ ಗಂಟೆಗಳನ್ನು ಪರದೆಯಿಂದ ಕಣ್ಣು ತೆಗೆಯದೆ ಕಳೆದೆ. ನಿಮಿಷಕ್ಕೊಂದು ಚುಕ್ಕೆ ಬೀಳುತ್ತಿತ್ತು, ಆದೇಶ ಬರಲಿಲ್ಲ. ಯಾವ ಗುಂಪು ಎಂದು ಸಹೋದ್ಯೋಗಿಗಳು ಕೇಳುತ್ತಲೇ ಇದ್ದರು. ಆ ಹೊತ್ತಿನಲ್ಲಿ ಗುಂಪಿನ ಹೆಸರು ಕೆಲಸಕ್ಕೆ ಬರುವುದಿಲ್ಲವೆಂದೇ ನನ್ನ ನಂಬಿಕೆ. ವಿಳಾಸವನ್ನು ಗುಂಪುಗಳು ಒಂದೇ ದಿನದಲ್ಲಿ ಬದಲಿಸುತ್ತವೆ. ನಡೆಯುವ ರೀತಿಯನ್ನು ಬದಲಿಸುವುದು ಕಷ್ಟ, ಹಿಡಿಯಬೇಕಾದ್ದು ಅದನ್ನು. ಅವನ ರೂಢಿಗಳನ್ನು ಉಳಿದ ಎಲ್ಲ ಕಂಪ್ಯೂಟರ್‌ಗಳ ದಾಖಲೆಯಲ್ಲಿ ಹುಡುಕಿದಾಗ ಖರೀದಿ ವಿಭಾಗದಲ್ಲಿ ಇನ್ನೊಂದು ಸಿಕ್ಕಿತು, ನಿದ್ದೆ ಮಾಡುತ್ತಿದ್ದದ್ದು. ಕಡತಗಳ ಸರ್ವರೂ ಸೇರಿ ಒಟ್ಟು ಮೂರು.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಬೆಳಗಿನ ಐದಕ್ಕೆ ಆ ವರದಿ ಹೋಯಿತು. ಹತ್ತೂವರೆಗೆ ಮೂರನ್ನೂ ಒಂದೇ ಸಲ ನೆಟ್‌ವರ್ಕಿನಿಂದ ಬೇರ್ಪಡಿಸಿದೆವು. ಸೇವಾ ಖಾತೆಗಳ ಪಾಸ್‌ವರ್ಡ್‌ಗಳು ಬದಲಾದವು. ಡೊಮೈನಿನ ಮೂಲ ಕೀಲಿಯನ್ನು ಎರಡು ಸಲ ಬದಲಿಸಬೇಕಾಗುತ್ತದೆ, ಹಿಂದಿನದನ್ನೂ ಅದು ನೆನಪಿಟ್ಟುಕೊಂಡಿರುವುದರಿಂದ. ಒಂದಾದ ಮೇಲೆ ಒಂದಿಷ್ಟು ಹೊತ್ತು ಬಿಟ್ಟು ಇನ್ನೊಂದು.

ಮಧ್ಯಾಹ್ನ ಪೀಣ್ಯಕ್ಕೆ ಹೋದೆ. ಸ್ಟೋರ್ಸಿನ ಗುಮಾಸ್ತರನ್ನು ಹಬ್ಬದ ಊಟದಿಂದ ಎಬ್ಬಿಸಿ ಕರೆಸಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹಣೆಯಲ್ಲಿ ಗಂಧ. ರಾತ್ರಿ ದಾಸ್ತಾನಿನ ಲೆಕ್ಕ ಓಡಬೇಕಾದ್ದರಿಂದ ಅವರ ಕಂಪ್ಯೂಟರನ್ನು ಆರಿಸುವ ಪದ್ಧತಿ ಇರಲಿಲ್ಲ. ಮೂರು ವಾರಗಳ ಹಿಂದೆ ಕೊಟೇಶನ್ ಎಂದು ಬಂದ ಮಿಂಚಂಚೆಯ ಕಡತ ತೆರೆದಿದ್ದರು. ದಿನಕ್ಕೆ ನಲವತ್ತು ಕೊಟೇಶನ್ ತೆರೆಯುವುದೇ ಅವರ ಉದ್ಯೋಗ.

“ತಪ್ಪು ನನ್ನದೇ, ಮೇಡಂ?” ಎಂದರು.

“ನಿಮ್ಮದಲ್ಲ. ಆ ಕಡತದ ನಂತರ ಕಂಪ್ಯೂಟರಿನಲ್ಲಿ ಏನಾದರೂ ವ್ಯತ್ಯಾಸ ಕಂಡಿತ್ತೇ?”

“ಕಂಡಿತ್ತಲ್ಲ! ಕೆಳಗಿನ ಮೂಲೆಯಲ್ಲಿ ಗುರಾಣಿಯಂಥ ಗುರುತು ಇರುತ್ತದಲ್ಲ, ಅದು ಕೆಂಪಾಯಿತು. ಅವತ್ತೇ ದೂರು ಬರೆದೆ.”

ಜೇಬಿನಿಂದ ಮಡಿಸಿದ ಚೀಟಿ ತೆಗೆದು ದೂರಿನ ಸಂಖ್ಯೆ ತೋರಿಸಿದರು. ತೆರೆದು ನೋಡಿದೆ. ‘ಮರುಚಾಲನೆ ಮಾಡಲು ತಿಳಿಸಲಾಗಿದೆ’ ಎಂದು ಬರೆದು ಹತ್ತೇ ನಿಮಿಷದಲ್ಲಿ ದೂರನ್ನು ಮುಗಿಸಲಾಗಿತ್ತು. ಆ ದೂರುಗಳು ನಮ್ಮ ತಂಡಕ್ಕೆ ಬರುತ್ತಿರಲಿಲ್ಲ, ಬರಲಿ ಎಂದು ನಾವೂ ಕೇಳಿರಲಿಲ್ಲ. ಇದು ನನ್ನನ್ನು ಚುಚ್ಚಿತು, ಈಗಲೂ ಚುಚ್ಚುತ್ತದೆ. 2020ರಲ್ಲಿ ಫೈರ್‌ಐ ಎಂಬ ಸೈಬರ್ ಭದ್ರತಾ ಸಂಸ್ಥೆ ತನ್ನ ಮನೆಗೇ ನುಗ್ಗಿದವರನ್ನು ಹಿಡಿದ ದಾರಿ ನೆನಪಾಯಿತು. ನೌಕರರೊಬ್ಬರ ಖಾತೆಗೆ ಎರಡನೆಯ ಫೋನ್ ನೋಂದಣಿಯಾಗಿತ್ತು. ಯಾರೋ ಅವರಿಗೆ ಕರೆ ಮಾಡಿ, ಇದು ನಿಮ್ಮದೇ ಎಂದು ಕೇಳಿದರು. ಅಲ್ಲ ಎಂದರು. ಸುಮಾರು 18,000 ಕಡೆ ತಲುಪಿದ್ದ ಸೋಲಾರ್‌ವಿಂಡ್ಸ್ ಎಂಬ ಕಂಪನಿಯ ತಂತ್ರಾಂಶದ ಕೆಟ್ಟ ಅಪ್‌ಡೇಟು ಹೊರಬಿದ್ದದ್ದು ಆ ಎಳೆ ಹಿಡಿದು ಹೋದಾಗ. ಅಲ್ಲಿ ಒಬ್ಬರು ಕೇಳಿದರು. ಇಲ್ಲಿ ಕೇಳದೇ ಹೇಳಿದ್ದರು, ಕಿವಿಗೊಡುವವರಿರಲಿಲ್ಲ.

ಆ ವಾರದಿಂದ ನಮ್ಮ ಬೇಟೆಯ ಪಟ್ಟಿಯಲ್ಲಿ ದೂರುಗಳ ಕಡತವನ್ನೂ ಸೇರಿಸಿದ್ದೇವೆ. ಪ್ರತಿ ಸೋಮವಾರ ನಾನೇ ಕುಳಿತು ಓದುತ್ತೇನೆ, ಮುಗಿದವೆಂದು ಬರೆದಿರುವುದನ್ನೂ.

ಡಿಸ್ಕ್ ತೆಗೆಯುವ ಹುಡುಗ ಸೀಲು ಹಾಕುವ ಚೀಲ ಹಿಡಿದು ಬಂದ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಶನಿವಾರದ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಚೆಂಡುಹೂವಿನ ಎಸಳುಗಳು ಒಣಗಿ ಕೀಲಿಮಣೆಯ ಸಂದಿಗಳಲ್ಲಿ ಸೇರಿದ್ದವು. ಗುಮಾಸ್ತರು ಅವನನ್ನು ತಡೆದು, ಹಾರವನ್ನು ತಾವೇ ಬಿಡಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

“ಹಾಗಾದರೆ ಶನಿವಾರ ನಾನು ಆರತಿ ಎತ್ತುವಾಗಲೂ ಅವನು ಒಳಗೇ ಇದ್ದನೇ, ಮೇಡಂ?”

“ಇದ್ದ” ಎಂದೆ.

ಅವರು ಪೆಟ್ಟಿಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕರವಸ್ತ್ರ ತೆಗೆದು, ಕುಂಕುಮಕ್ಕೆ ತಾಗದಂತೆ ಸುತ್ತಲಿನ ಧೂಳನ್ನು ಒರೆಸಿ, ತೆಗೆದುಕೊಂಡು ಹೋಗಿ ಎಂದರು.